ಹಾಡುವ ಕೋಣೆಯ ಸಾಮಾನು

ಮಂಚ ಯಾವ ಗೋಡೆಗೆ, ಬೀರು ಯಾವ ಮೂಲೆಗೆ ಎಂಬ ಲೆಕ್ಕವನ್ನು ನಾವು ಹೆಂಗಸರು ಬದುಕಿನುದ್ದಕ್ಕೂ ಮಾಡುತ್ತಲೇ ಇರುತ್ತೇವೆ. ಹಬ್ಬ ಬಂದರೆ, ನೆಂಟರು ಬಂದರೆ, ಬಾಡಿಗೆ ಮನೆ ಬದಲಾದರೆ ಮತ್ತೆ ಅದೇ ಎತ್ತು, ಅದೇ ಇಳಿಸು. ಇದು ಯಾವ ಚರಿತ್ರೆಗೂ ಸೇರದ ಕೆಲಸ ಎಂದೇ ಎಲ್ಲರೂ ತಿಳಿದಿದ್ದಾರೆ. ಆದರೆ ಹಾಡನ್ನು ಹಿಡಿದಿಡುವ ಕಲೆ ಬೆಳೆದುಬಂದ ಬಗೆಯನ್ನು ಓದುತ್ತಾ ಹೋದಂತೆ, ಅದರಲ್ಲಿ ಅರ್ಧದಷ್ಟಾದರೂ ಸಾಮಾನು ಜೋಡಿಸಿದ ಕಥೆಯೇ ಎಂದು ನನಗೆ ಅನ್ನಿಸತೊಡಗಿದೆ. ಹಾಡುವವಳು ಎಲ್ಲಿ ನಿಲ್ಲಬೇಕು, ಅದನ್ನು ಹೇಳುವವರು ಯಾರು ಎಂಬ ಪ್ರಶ್ನೆಯೂ ಅದರೊಳಗೇ ಇದೆ.

ಮೊದಮೊದಲು ಸ್ಟುಡಿಯೋ ಎಂಬುದೇನೂ ಎಲ್ಲ ಊರಲ್ಲಿ ಇರಲಿಲ್ಲ. ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಯಂತ್ರವನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಊರೂರು ತಿರುಗುತ್ತಿದ್ದ. ಹೋಟೆಲಿನ ಕೋಣೆಯೇ ಅವನ ಸ್ಟುಡಿಯೋ. 1902ರ ಏಪ್ರಿಲ್‌ನಲ್ಲಿ ಮಿಲಾನ್ ನಗರದ ಒಂದು ಹೋಟೆಲಿನಲ್ಲಿ ಎನ್ರಿಕೋ ಕರೂಸೋ ಒಂದೇ ಮಧ್ಯಾಹ್ನ ಹತ್ತು ಹಾಡು ಹಾಡಿ ನೂರು ಪೌಂಡು ತೆಗೆದುಕೊಂಡು ಹೋದ. ಪಿಯಾನೋದ ನಾದ ಕಹಳೆಗೆ ಸರಿಯಾಗಿ ತಲುಪಲೆಂದು ಅದನ್ನು ಸಾಮಾನಿನ ಪೆಟ್ಟಿಗೆಗಳ ಮೇಲೆ ಏರಿಸಿ ಇಟ್ಟಿದ್ದರಂತೆ! ಅಟ್ಟದ ಡಬ್ಬಿ ಇಳಿಸಲು ಸ್ಟೂಲಿನ ಮೇಲೆ ಸ್ಟೂಲಿಡುವ ನಮಗೆ ಈ ಬುದ್ಧಿ ಹೊಸದಲ್ಲ.

ಆಗ ಮೈಕೂ ಇಲ್ಲ, ವಿದ್ಯುತ್ತಿನ ಸಹಾಯವೂ ಇಲ್ಲ. ಗೋಡೆಯಿಂದಲೋ ಪರದೆಯಿಂದಲೋ ಒಂದು ತಗಡಿನ ಕಹಳೆ ಚಾಚಿಕೊಂಡಿರುತ್ತಿತ್ತು. ಆಚೆ ಬದಿಯಲ್ಲಿ ಮೇಣದ ತಟ್ಟೆ ತಿರುಗುತ್ತಿತ್ತು. ಸದ್ದಿನ ಒತ್ತಡವೇ ಸೂಜಿಯನ್ನು ಅಲುಗಿಸಿ ಗೆರೆ ಕೊರೆಯಬೇಕು. ಹಾಗಾಗಿ ಧ್ವನಿಯ ಹೆಚ್ಚುಕಡಿಮೆಯನ್ನು ಸರಿಪಡಿಸಲು ಇದ್ದ ದಾರಿ ಒಂದೇ: ಮನುಷ್ಯರನ್ನೂ ಕುರ್ಚಿಗಳನ್ನೂ ಸರಿಸುವುದು. ಮೆಲ್ಲಗಿನ ವಾದ್ಯ ಹತ್ತಿರ, ಜೋರಿನದು ದೂರ, ಒಬ್ಬರಿಗೆ ಎತ್ತರದ ಸ್ಟೂಲು, ಇನ್ನೊಬ್ಬರಿಗೆ ಗಿಡ್ಡದ್ದು. ತಾರಸ್ಥಾಯಿ ಬಂದಾಗ ಹಾಡುವವರು ತಾವೇ ಹಿಂದೆ ವಾಲಬೇಕು. ಇಲ್ಲವಾದರೆ ಪಕ್ಕದಲ್ಲಿ ನಿಂತವನು ಭುಜ ಹಿಡಿದು ಹಿಂದಕ್ಕೆಳೆಯುತ್ತಿದ್ದ, ಮಂದ್ರಕ್ಕಿಳಿದಾಗ ಮತ್ತೆ ಮುಂದಕ್ಕೆ ತಳ್ಳುತ್ತಿದ್ದ.

ಅದೇ ಗೈಸ್‌ಬರ್ಗ್ 1902ರ ಕೊನೆಗೆ ಕಲ್ಕತ್ತೆಗೆ ಬಂದ. ಇಲ್ಲಿಯೂ ಹೋಟೆಲಿನ ಕೋಣೆಯೇ ಗತಿ. ಮಾನವಂತ ಮನೆತನದ ಹೆಂಗಸರು ನಾಲ್ಕು ಜನರೆದುರು ಹಾಡದ ಕಾಲ ಅದು. ಕಹಳೆಯ ಮುಂದೆ ಧೈರ್ಯವಾಗಿ ನಿಂತವರು ತವಾಯಫರು, ರಂಗಭೂಮಿಯ ಹೆಣ್ಣುಮಕ್ಕಳು. ಅವರಲ್ಲಿ ಗೌಹರ್ ಜಾನ್ ಕೂಡ ಒಬ್ಬಳು. ಪ್ರತಿ ಸಲವೂ ಬೇರೆ ಬೇರೆ ಒಡವೆ ತೊಟ್ಟು ಬರುತ್ತಿದ್ದಳೆಂದು ಗೈಸ್‌ಬರ್ಗ್ ಮುಂದೆ ಬರೆದುಕೊಂಡಿದ್ದಾನೆ. ಒಡವೆಯ ಮಾತು ಹಾಗಿರಲಿ. ಗಂಟೆಗಟ್ಟಲೆ ಹಾಡಬಲ್ಲ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ, ತಲೆ ಅಲುಗಿಸದೆ, ಕೈ ಆಡಿಸದೆ, ಒಂದು ತಗಡಿನ ಬಾಯಿಗೆ ಹಾಡಿದಳಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದು. ಹಾಡು ಮುಗಿದ ಮೇಲೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದಳು. ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಈ ಏರ್ಪಾಡು. ಕೋಣೆಯನ್ನು ಯಾರೇ ಜೋಡಿಸಿರಲಿ, ಕೊನೆಯ ಮಾತು ಮಾತ್ರ ಅವಳದು. ಅವಳ ಕೊನೆಗಾಲ ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅರಮನೆಯ ಗಾಯಕಿಯಾಗಿ ಕರೆಸಿಕೊಂಡರು; 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡಳು.

1925ರ ಸುಮಾರಿಗೆ ಮೈಕು ಬಂತು, ಭುಜ ಹಿಡಿದೆಳೆಯುವುದು ತಪ್ಪಿತು. ಪಿಸುಮಾತಿನಂಥ ಹಾಡಿಗೂ ಬೆಲೆ ಬಂತು. ಆದರೆ ಮೈಕು ಚಾಡಿಕೋರ. ಗೋಡೆಗೆ ಬಡಿದು ಬಂದ ಸದ್ದನ್ನೂ ಬಿಡದೆ ಹೇಳಿಬಿಡುತ್ತದೆ. ಆದ್ದರಿಂದ ದಪ್ಪ ಪರದೆ, ಜಮಖಾನೆಗಳಿಂದ ಕೋಣೆಯನ್ನು ಹೊದಿಸತೊಡಗಿದರು.

ಸ್ಟುಡಿಯೋ ನಿಜಕ್ಕೂ ಮನೆಯೊಳಗೆ ಬಂದದ್ದಕ್ಕೆ ಅಮೆರಿಕದ ಲೆಸ್ ಪಾಲ್ ಎಂಬ ಗಿಟಾರ್ ವಾದಕನನ್ನು ನೆನೆಯುತ್ತಾರೆ. ಹಾಲಿವುಡ್ಡಿನಲ್ಲಿ ಅವನ ಮನೆಯ ಕಾರು ಷೆಡ್ಡೇ ಸ್ಟುಡಿಯೋ ಆಗಿತ್ತು. ತಟ್ಟೆ ಕೊರೆಯುವ ಯಂತ್ರಕ್ಕೆ ಕ್ಯಾಡಿಲಾಕ್ ಕಾರಿನ ಫ್ಲೈವೀಲೊಂದನ್ನು ಅಳವಡಿಸಿಕೊಂಡಿದ್ದ. ನಾನು ನೆನೆಯುವುದು ಅವನ ಹೆಂಡತಿ ಮೇರಿ ಫೋರ್ಡಳನ್ನು. 1951ರಲ್ಲಿ ಇಬ್ಬರೂ ನ್ಯೂಯಾರ್ಕಿನ ತಮ್ಮ ವಾಸದ ಮನೆಯಲ್ಲೇ 'ಹೌ ಹೈ ದ ಮೂನ್' ಎಂಬ ಹಾಡನ್ನು ಟೇಪಿಗೆ ಇಳಿಸಿದರು. ಮೇರಿ ಒಮ್ಮೆ ಹಾಡಬೇಕು. ಅದನ್ನು ಕೇಳುತ್ತಾ ಅದರ ಮೇಲೆ ಇನ್ನೊಂದು ದನಿ ಸೇರಿಸಬೇಕು. ಆ ಎರಡರ ಮೇಲೆ ಮತ್ತೊಂದು. ಹೊಸದು ಸೇರಿದಂತೆ ಹಳೆಯದು ಅಳಿಸಿಹೋಗುವ ಯಂತ್ರವದು. ಕೊನೆಯ ದನಿಯಲ್ಲಿ ತಪ್ಪಿದರೆ ಎಲ್ಲವನ್ನೂ ಮೊದಲಿನಿಂದ ಹಾಡಬೇಕು. ಕೋಣೆಯ ಗದ್ದಲ ಪದರ ಪದರವಾಗಿ ಸೇರಿಕೊಳ್ಳದಿರಲೆಂದು ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು ಹಾಡಿದಳು. ಆ ಹಾಡು ಒಂಬತ್ತು ವಾರ ಅಮೆರಿಕದ ಪಟ್ಟಿಯ ತುದಿಯಲ್ಲಿತ್ತು. 1953ರಿಂದ ಟೀವಿಯಲ್ಲೂ ಗಂಡಹೆಂಡಿರ ಮನೆಯ ಪುಟ್ಟ ಕಾರ್ಯಕ್ರಮ ಬಂತು. ಮೇರಿ ಅಡುಗೆಮನೆಯಲ್ಲೂ ಹಾಡಿದಳು. ಹೊಗಳಿಕೆ ಬಹುಪಾಲು ಯಂತ್ರಕ್ಕೆ ಹೋಯಿತು, ಹೆಸರು ಗಿಟಾರಿಗೆ ಹೋಯಿತು. ತನ್ನ ಕಂಠದ ಮೇಲೆ ತನ್ನದೇ ಕಂಠವನ್ನು ಕೂದಲೆಳೆಯಷ್ಟೂ ಜಾರದಂತೆ ಕೂರಿಸಿದವಳಿಗೆ ಸಲ್ಲಬೇಕಾದಷ್ಟು ಸಲ್ಲಲಿಲ್ಲ ಎಂದೇ ನನ್ನ ಎಣಿಕೆ. 1964ರಲ್ಲಿ ಅವರ ಮದುವೆ ಮುರಿಯಿತು.

ನನ್ನ ತಂಗಿಯ ಮಗಳು ಸುಗಮ ಸಂಗೀತ ಹೇಳಿಕೊಡುತ್ತಾಳೆ. ಈಚೆಗೆ ಅವಳ ಮನೆಯಲ್ಲಿ 9 ಅಡಿಗೆ 12 ಅಡಿಯ ಕೋಣೆಯೊಂದನ್ನು ಸ್ಟುಡಿಯೋ ಮಾಡುವ ಮಾತು ಬಂದಾಗ ದೊಡ್ಡ ತಕರಾರು ಎದ್ದದ್ದು ಮೈಕಿನ ಬೆಲೆಗಲ್ಲ, ಮಂಚಕ್ಕೆ. 'ನೆಂಟರು ಬಂದರೆ ಎಲ್ಲಿ ಮಲಗುತ್ತಾರೆ?' ಎಂದು ಅತ್ತೆ. 'ಹಾಲ್‌ನಲ್ಲಿ ದಿವಾನ ಇದೆಯಲ್ಲ ಅತ್ತೆ' ಎಂದು ಇವಳು. ಎರಡು ತಿಂಗಳು ನಡೆಯಿತು ಈ ಸಂವಾದ. ಕೊನೆಗೆ ಮಂಚ ಹೊರಗೆ ಬಂತು. ಅದರ ಹತ್ತಿಯ ಹಾಸಿಗೆಯನ್ನು ಮಾತ್ರ ಅವಳು ಬಿಡಲಿಲ್ಲ, ಮೂಲೆಗೆ ನಿಲ್ಲಿಸಿಕೊಂಡಳು.

ಮೇಜನ್ನು ಮೊದಲು ಮೂಲೆಯಲ್ಲಿಟ್ಟಾಗ ತಬಲದ ಎಡಗೈ ಪೆಟ್ಟು ಗುಂಯ್ ಎಂದು ಊದಿಕೊಂಡು ಕೇಳುತ್ತಿತ್ತು. ಮೂಲೆಯ ಗುಣವೇ ಅದು, ಗಡಸು ಸದ್ದನ್ನು ಕೂಡಿಹಾಕುತ್ತದೆ. ಚಿಕ್ಕ ಗೋಡೆಯ ನಡುಮಧ್ಯಕ್ಕೆ ಸರಿಸಿದೆವು. ಎರಡು ಸ್ಪೀಕರು ಮತ್ತು ಅವಳ ತಲೆ, ಮೂರರ ನಡುವೆಯೂ ಒಂದೇ ಅಂತರ, ಕಿವಿಯ ಮಟ್ಟಕ್ಕೆ. ಸೀರೆ ಅಳೆಯುವಂತೆ ನೂಲು ಹಿಡಿದು ಅಳೆದದ್ದು ನಾನು. ಬೆನ್ನ ಹಿಂದಿನ ಗೋಡೆಗೆ ಪುಸ್ತಕದ ಕಪಾಟು. ಏರುತಗ್ಗಿನ ಪುಸ್ತಕಗಳು ಸದ್ದನ್ನು ಚದುರಿಸುತ್ತವೆ. ಮೊಟ್ಟೆಯ ಟ್ರೇ ಅಂಟಿಸಿ ಎಂದು ಯಾರೋ ಹೇಳಿದ್ದರು. ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲ, ಬೆಂಕಿಯ ಭಯ ಬೇರೆ. ಅದಕ್ಕಿಂತ ಬೀರುವಿನ ಬಾಗಿಲು ತೆರೆದು, ತೂಗುಹಾಕಿದ ಸೀರೆಗಳಿಗೆ ಬೆನ್ನು ಕೊಟ್ಟು ನಿಂತು ಹಾಡುವುದು ಎಷ್ಟೋ ಮೇಲು. ಮೈಕಿನ ಮುಖ ಹಾಡುವವಳ ಕಡೆಗಿರುವುದರಿಂದ ಅವಳ ಬೆನ್ನ ಹಿಂದಿನ ಗೋಡೆಯೇ ಹೆಚ್ಚು ಚಾಡಿ ಹೇಳುವುದು.

ಫ್ಯಾನು ಹಾಕುವಂತಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಬೆವರುತ್ತಲೇ ಹಾಡುತ್ತಾಳೆ. ರಾತ್ರಿ ಒಂಬತ್ತೂವರೆಗೆ ಬೀದಿಯ ಸ್ಕೂಟರುಗಳು ಅಡಗಿದ ಮೇಲೆ ಬಾಗಿಲು ಹಾಕಿಕೊಳ್ಳುತ್ತಾಳೆ. ಆ ಹೊತ್ತಿಗೆ ಅವಳ ಅತ್ತೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದಾಗದಂತೆ ಒಂದೊಂದಾಗಿ ಬೋರಲು ಹಾಕುತ್ತಿರುತ್ತಾರೆ.