ಕೋರಿಯೋಕಾರ್ಸಿನೋಮ ಚಿಕಿತ್ಸೆಯ ಚರಿತ್ರೆ: ಒಂದು ಟಿಪ್ಪಣಿ

ಗರ್ಭಧಾರಣೆಯ ತರುವಾಯ ಮಾಸಿನ ಜೀವಕಣಗಳಿಂದ ಹುಟ್ಟಿ, ತರುಣಿಯರ ಗರ್ಭಕೋಶದಿಂದ ಶ್ವಾಸಕೋಶದವರೆಗೂ ಶೀಘ್ರವಾಗಿ ಹಬ್ಬುವ ವಿರಳ ಕ್ಯಾನ್ಸರು ಕೋರಿಯೋಕಾರ್ಸಿನೋಮ. ಹಬ್ಬಿದ ಮೇಲೆ ಅದು ಹಿಂದೆ ಬಹುಮಟ್ಟಿಗೆ ಮಾರಕವಾಗಿದ್ದಿತು. 1956ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಮಿನ್ ಚಿಯು ಲೀ, ರಾಯ್ ಹರ್ಟ್ಜ್ ಮೊದಲಾದವರು ಮೆಥೊಟ್ರೆಕ್ಸೇಟ್ ಔಷಧದಿಂದ ಈ ಗೆಡ್ಡೆಗಳು ಕರಗಿದುದನ್ನು ಪ್ರಕಟಿಸಿದರು. ಗೆಡ್ಡೆ ಕಾಣದಾದರೂ ಮೂತ್ರದಲ್ಲಿ ಗರ್ಭಸೂಚಕ ಹಾರ್ಮೋನು ಇರುವವರೆಗೆ ರೋಗವೂ ಇದೆಯೆಂದು ಲೀ ವಾದಿಸಿ, ಔಷಧವನ್ನು ಮುಂದುವರಿಸಿದರು. ಗುಣವಾದಂತೆ ತೋರುವವರಿಗೆ ವಿಷಪ್ರಾಯವಾದ ಔಷಧವನ್ನು ಕೊಡುವುದು ಮೇಲಿನವರಿಗೆ ಸರಿಬೀಳಲಿಲ್ಲ; ಲೀ 1957ರಲ್ಲಿ ಹುದ್ದೆಯನ್ನು ತೊರೆಯಬೇಕಾಯಿತು. ಆದರೆ ಚಿಕಿತ್ಸೆಯನ್ನು ಬೇಗನೆ ನಿಲ್ಲಿಸಿದವರಲ್ಲಿ ರೋಗವು ಮರುಕಳಿಸಿತು. ಹಾರ್ಮೋನು ಅಡಗುವವರೆಗೆ ಔಷಧ ಪಡೆದವರು ಉಳಿದರು. 1972ರಲ್ಲಿ ಲೀ, ಹರ್ಟ್ಜ್ ಇಬ್ಬರೂ ಲಾಸ್ಕರ್ ಪ್ರಶಸ್ತಿಗೆ ಪಾತ್ರರಾದರು. ಇಂದಿಗೂ ವೈದ್ಯರು ಈ ರೋಗದ ಗುಣವನ್ನು ಆ ಹಾರ್ಮೋನಿನ ಅಳತೆಯಿಂದಲೇ ನಿರ್ಣಯಿಸುವರು. ಈ ಚರಿತ್ರೆಯಲ್ಲಿ ಔಷಧದಷ್ಟೇ ಮಹತ್ತ್ವವು ಆ ಅಳತೆಗೂ ಸಲ್ಲಬೇಕೆಂದು ನಾವು ಭಾವಿಸುತ್ತೇವೆ.