ಅಣು ಲೆಕ್ಕಿಗರಿಗೆ ಇರಾಕ್ ಕಲಿಸಿದ ಪಾಠ

ಒಂದು ಅಣುಬಾಂಬಿಗೆ ಎಂಟು ಕಿಲೋ ಪ್ಲುಟೋನಿಯಂ ಸಾಕಾದೀತು ಎಂಬುದು ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಲೆಕ್ಕಾಚಾರ. ವಿದ್ಯುತ್ತಿಗೆಂದು ಇಟ್ಟ ಇಂಧನದಿಂದ ಅಷ್ಟು ಮರೆಯಾದರೂ ಸಕಾಲಕ್ಕೆ ಪತ್ತೆಹಚ್ಚುವುದು ಈ ಸಂಸ್ಥೆಯ ತಪಾಸಕರ ಹೊಣೆ.

1957ರಲ್ಲಿ ಹುಟ್ಟಿದ ಸಂಸ್ಥೆ ಮೊದಲ ತಪಾಸಣೆ ನಡೆಸಿದ್ದು 1962ರಲ್ಲಿ, ನಾರ್ವೆಯ ಪುಟ್ಟ ಸಂಶೋಧನಾ ರಿಯಾಕ್ಟರಿನಲ್ಲಿ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ 1970ರಲ್ಲಿ ಜಾರಿಗೆ ಬಂದ ಮೇಲೆ ಕೆಲಸ ಬೆಳೆಯಿತು. ದಾಸ್ತಾನು ಪುಸ್ತಕ ನೋಡುವುದು, ಮೊಹರು ಪರೀಕ್ಷಿಸುವುದು, ಉರಿದ ಇಂಧನ ನೀರಿನಾಳದಲ್ಲಿ ಸೂಸುವ ನೀಲಿ ಬೆಳಕನ್ನು ಗಮನಿಸುವುದು ತಪಾಸಕರ ದಿನಚರಿ. ತರಬೇತಿಯೂ ಹಾಗೆಯೇ ಇತ್ತು. ಡಬ್ಬಿ ತೆರೆಯದೆ ಒಳಗಿನ ಯುರೇನಿಯಂ ಅಳೆಯುವ ವಿದ್ಯೆಯನ್ನು ಅವರು 1980ರಿಂದ ಕಲಿತದ್ದು ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ. ಮೊದಲ ಅಣುಬಾಂಬು ರೂಪುಗೊಂಡ ಜಾಗವೇ ಅದು!

ಈ ಪಾಠ ಸಾಲದೆಂದು ತೋರಿಸಿದ್ದು ಇರಾಕ್. ತುವೈಥಾ ಕೇಂದ್ರದಲ್ಲಿ ಘೋಷಿತ ಇಂಧನದ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದೇ ಆವರಣದ ಬೇರೆ ಕಟ್ಟಡಗಳಲ್ಲಿ ಬಾಂಬಿನ ಯತ್ನ ಗುಟ್ಟಾಗಿ ಸಾಗಿತ್ತು. ಕೊಲ್ಲಿ ಯುದ್ಧದ ನಂತರ, 1991ರ ಜೂನ್‌ನಲ್ಲಿ, ಫಲ್ಲೂಜಾ ಬಳಿ ಲಾರಿಗಳಲ್ಲಿ ಸಾಗುತ್ತಿದ್ದ ಯಂತ್ರಭಾಗಗಳನ್ನು ತಪಾಸಕರು ಬೆನ್ನಟ್ಟಿ ಫೋಟೋ ತೆಗೆದರು. ಅವರನ್ನು ಬೆದರಿಸಲು ಇರಾಕಿ ಪಡೆ ಗಾಳಿಯಲ್ಲಿ ಗುಂಡು ಹಾರಿಸಿತು. ಅವು ಕ್ಯಾಲುಟ್ರಾನ್ ಯಂತ್ರದ ಭಾಗಗಳು. ಹಿರೋಷಿಮಾ ಬಾಂಬಿಗೆ ಯುರೇನಿಯಂ ಸಂವರ್ಧಿಸಲು ಬಳಸಿ, ಯುದ್ಧ ಮುಗಿದ ಮೇಲೆ ದುಬಾರಿಯೆಂದು ಅಮೆರಿಕ ಕೈಬಿಟ್ಟಿದ್ದ ವಿಧಾನವದು. ಅದನ್ನು ಯಾರಾದರೂ ಮತ್ತೆ ಬಳಸಬಹುದೆಂದು ಹೊಸ ತಲೆಮಾರು ಎಣಿಸಿರಲಿಲ್ಲ. ಗುರುತು ಹಿಡಿಯಲು ಓಕ್ ರಿಡ್ಜ್‌ನ ಹಳಬರ ಅನುಭವವೇ ಬೇಕಾಯಿತು.

ಅಲ್ಲಿಂದ ಪಠ್ಯ ಬದಲಾಯಿತು. 1997ರಲ್ಲಿ ಅಂಗೀಕಾರವಾದ ಹೆಚ್ಚುವರಿ ಒಪ್ಪಂದ ಅಘೋಷಿತ ಚಟುವಟಿಕೆಗಳನ್ನು ಹುಡುಕಲು ಹೆಚ್ಚಿನ ಅಧಿಕಾರ ಕೊಟ್ಟಿತು. ಗೋಡೆಯನ್ನು ಬಟ್ಟೆಯಿಂದ ಒರೆಸಿ ಧೂಳಿನ ಕಣ ಸಂಗ್ರಹಿಸುವುದು, ಉಪಗ್ರಹ ಚಿತ್ರ ಓದುವುದು, ಉತ್ತರದಲ್ಲಿನ ಅಸಂಗತಿ ಹಿಡಿಯುವುದು ಇವೆಲ್ಲ ಕಲಿಕೆಗೆ ಸೇರಿದವು. ಲೆಕ್ಕಿಗ ಪತ್ತೇದಾರನೂ ಆಗಬೇಕಾಯಿತು.

ಅಷ್ಟರಲ್ಲಿ ಹಿರಿಯರ ನಿವೃತ್ತಿಯ ಚಿಂತೆ ಶುರುವಾಯಿತು. ಅಮೆರಿಕ 2008ರಲ್ಲಿ ಹೊಸ ತಜ್ಞರನ್ನು ಬೆಳೆಸುವ ಗುರಿಯೂ ಇದ್ದ ವಿಶೇಷ ಯೋಜನೆ ಆರಂಭಿಸಿತು. ಅಭಿವೃದ್ಧಿಶೀಲ ದೇಶಗಳ ಪದವೀಧರ ಯುವಕ ಯುವತಿಯರಿಗೆ ವಿಯೆನ್ನಾ ಸಂಸ್ಥೆಯೂ ತರಬೇತಿ ಕೊಡುತ್ತ ಬಂದಿದೆ. ಉಪಕರಣ ಬಳಸುವುದನ್ನು ತರಗತಿಯಲ್ಲಿ ಕಲಿಸಬಹುದು. ಲಾರಿಯ ಮೇಲಿನ ಕಬ್ಬಿಣ ಏನೆಂದು ಗುರುತಿಸುವ ಕಣ್ಣು ಮಾತ್ರ, ಕಂಡವರ ಜತೆ ನಾಲ್ಕು ವರ್ಷ ಓಡಾಡಿದರಷ್ಟೇ ಬರುವಂಥದು. ಅವರು ಮನೆಗೆ ಹೋಗುವ ಮೊದಲೇ ಆ ಓಡಾಟ ನಡೆಯಬೇಕು.