ಅರೆತಲೆನೋವು: ಸೂಜಿ ಮನೆಗೆ ಬಂದ ಕಥೆ

ಆಯುರ್ವೇದ 'ಅರ್ಧಾವಭೇದಕ' ಎಂದು, ಆಡುಮಾತು 'ಅರೆತಲೆನೋವು' ಎಂದು ಕರೆಯುವ ಮೈಗ್ರೇನ್ ಬರೀ ತಲೆನೋವಲ್ಲ. ಬೆಳಕು, ಸದ್ದು ಸಹಿಸಲಾಗದು, ವಾಂತಿಯೂ ಆಗಬಹುದು. ಆ ಹೊತ್ತಿನಲ್ಲಿ ಜಠರದ ಚಲನೆ ನಿಧಾನವಾಗುವುದರಿಂದ ನುಂಗಿದ ಮಾತ್ರೆ ರಕ್ತ ಸೇರುವುದು ತಡವಾಗುತ್ತದೆ. ಚುಚ್ಚುಮದ್ದು ಬೇಕಾದದ್ದು ಇದಕ್ಕೇ.

1918ರಲ್ಲಿ ಸ್ವಿಟ್ಜರ್ಲೆಂಡಿನ ಆರ್ಥರ್ ಸ್ಟೋಲ್, ರೈ ಧಾನ್ಯದ ತೆನೆಗೆ ತಗಲುವ ಎರ್ಗಟ್ ಎಂಬ ಶಿಲೀಂಧ್ರದಿಂದ ಎರ್ಗೋಟಮೈನ್ ಬೇರ್ಪಡಿಸಿದರು. ಮುಂದಿನ ದಶಕದಲ್ಲಿ ಅದು ಮೈಗ್ರೇನಿಗೆ ಮದ್ದಾಯಿತು. ಆದರೆ ಅದು ವಾಂತಿ ಹೆಚ್ಚಿಸುತ್ತಿತ್ತು, ರಕ್ತನಾಳಗಳನ್ನು ಅತಿಯಾಗಿ ಕುಗ್ಗಿಸುವ ಭಯವೂ ಇತ್ತು. ಹೀಗಾಗಿ ಸೂಜಿ ಬಹುಮಟ್ಟಿಗೆ ವೈದ್ಯರ ಕೈಯಲ್ಲೇ ಉಳಿಯಿತು.

ಇದನ್ನು ಬದಲಿಸಿದ್ದು ಬ್ರಿಟನ್ನಿನ ಗ್ಲಾಕ್ಸೊ ಕಂಪೆನಿಯಲ್ಲಿ ಪ್ಯಾಟ್ರಿಕ್ ಹಂಫ್ರಿ ಅವರ ತಂಡ ರೂಪಿಸಿದ ಸುಮಾಟ್ರಿಪ್ಟಾನ್. 1991ರಲ್ಲಿ ಯುರೋಪಿಗೆ, 1992ರ ಕೊನೆಗೆ ಅಮೆರಿಕಕ್ಕೆ ಅದು ಬಂತು. ತೊಡೆಗೆ ಒತ್ತಿದರೆ ಸೂಜಿ ತಾನೇ ಚುಚ್ಚುವ ಸಾಧನದಿಂದ ರೋಗಿಯೇ 6 ಮಿಲಿಗ್ರಾಂ ಮದ್ದನ್ನು ಚರ್ಮದಡಿಗೆ ಸೇರಿಸಿಕೊಳ್ಳಬಹುದಾಯಿತು. ಸುಮಾರು ಕಾಲು ಗಂಟೆಯಲ್ಲಿ ನೋವು ಇಳಿಯತೊಡಗುತ್ತದೆ. ಹೃದ್ರೋಗಿಗಳಿಗೆ ಮಾತ್ರ ಇದು ಸಲ್ಲದು. ನೋವು ಬಾರದಂತೆ ತಡೆಯಲು ತಿಂಗಳಿಗೊಮ್ಮೆ ಚುಚ್ಚಿಕೊಳ್ಳುವ ಎರೆನುಮ್ಯಾಬ್ 2018ರಲ್ಲಿ ಬಂತು.

ನಮ್ಮಲ್ಲಿ ಇದರ ಅಗತ್ಯ ಎಷ್ಟು? ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ 2,329 ಮಂದಿಯನ್ನು ಸಮೀಕ್ಷಿಸಿ 2015ರಲ್ಲಿ ಪ್ರಕಟಿಸಿದ ವರದಿಯಂತೆ, ವರ್ಷದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಬಾಧಿಸುತ್ತದೆ. ಹೆಂಗಸರಲ್ಲಿ ಮತ್ತು ಹಳ್ಳಿಗರಲ್ಲಿ ಅದು ಹೆಚ್ಚು. ಚಾಮರಾಜನಗರ ತಾಲ್ಲೂಕಿನ ಕುದೇರಿನಂಥ ಊರಿನಿಂದ ಬಿಸಿಲಲ್ಲಿ, ಬಸ್ಸಿನ ಕುಲುಕಾಟದಲ್ಲಿ ದೊಡ್ಡಾಸ್ಪತ್ರೆಗೆ ಹೊರಡುವುದೇ ರೋಗಿಗೆ ಇನ್ನೊಂದು ಹಿಂಸೆ. ವೈದ್ಯರು ಪರೀಕ್ಷಿಸಿ, ವಿಧಾನ ಕಲಿಸಿಕೊಟ್ಟರೆ ಕತ್ತಲ ಕೋಣೆಯಲ್ಲೇ ಸಿಗುವ ಆ ಕಾಲು ಗಂಟೆಯ ಉಪಶಮನ ಹೆಚ್ಚು ಬೇಕಾಗಿರುವುದು ಇಂಥವರಿಗೇ.